ಅರಕಲಗೂಡಿನಿಂದ ಭುವನಹಳ್ಳಿವರೆಗೆ: ಕನ್ನಡದ ಡಬ್ಬಿಂಗ್ ಕಥೆ

ಈಗ ತೆಲುಗಿನ ದೊಡ್ಡ ಸಿನಿಮಾವೊಂದು ಕನ್ನಡದಲ್ಲಿ ಮಾತಾಡುತ್ತಾ ಹಾಸನಕ್ಕೆ ಬಂದರೆ ಯಾರೂ ಅಡ್ಡ ನಿಲ್ಲುವುದಿಲ್ಲ. ಹಿಂದಿ ಧಾರಾವಾಹಿಯ ಕೃಷ್ಣ ಟಿ.ವಿ.ಯಲ್ಲಿ ಕನ್ನಡದಲ್ಲೇ ಗೀತೆ ಹೇಳುತ್ತಾನೆ. ಇಂಗ್ಲಿಷ್ ಸಿನಿಮಾಗಳೂ ಮೊಬೈಲಿನಲ್ಲಿ ಕನ್ನಡದಲ್ಲಿ ಸಿಗುತ್ತವೆ. ಹದಿನೈದು ವರ್ಷಗಳ ಹಿಂದೆ ಇದೆಲ್ಲ ಕನಸಿನ ಮಾತಾಗಿತ್ತು. ಕಾಲೇಜು ಹುಡುಗರಿಗೆ ಇದನ್ನು ಹೇಳಿದರೆ, ಡಬ್ಬಿಂಗ್ ಮಾಡಬಾರದು ಅಂತ ಕಾನೂನು ಇತ್ತಾ ಎಂದು ಕೇಳುತ್ತಾರೆ. ಕಾನೂನು ಯಾವತ್ತೂ ಇರಲಿಲ್ಲ. ಇದ್ದದ್ದು ಚಿತ್ರರಂಗದೊಳಗಿನ ಒಂದು ಒಪ್ಪಂದ. ಅದು ಸುಮಾರು ಐವತ್ತು ವರ್ಷ ನಡೆಯಿತು. ಅದು ಹುಟ್ಟಿದ ಕಡೆಯೂ ಮುರಿದ ಕಡೆಯೂ ನಮ್ಮ ಹಾಸನ ಜಿಲ್ಲೆಯ ಹೆಸರೊಂದಿದೆ. ಸಿನಿಮಾ ಹುಚ್ಚು ಹಿಡಿಸಿಕೊಂಡು ಬೆಳೆದ ನನಗೆ ಈ ಕಥೆ ಬರೆಯಬೇಕು ಅನ್ನಿಸಿದ್ದು ಅದಕ್ಕೇ.

ಮೊದಲು ಆ ಒಪ್ಪಂದ ಯಾಕೆ ಬೇಕಾಯಿತು ಎಂದು ನೋಡೋಣ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಬಂದದ್ದು 1934ರಲ್ಲಿ. ಅದು ತಯಾರಾದದ್ದು ಕೊಲ್ಹಾಪುರದಲ್ಲಿ. ಆಮೇಲೂ ತುಂಬಾ ವರ್ಷ ಕನ್ನಡ ಸಿನಿಮಾದವರು ಮದರಾಸಿನ ಸ್ಟುಡಿಯೋಗಳನ್ನೇ ನೆಚ್ಚಿಕೊಂಡಿದ್ದರು. ಸ್ಟುಡಿಯೋ ಅಲ್ಲಿ, ಲ್ಯಾಬ್ ಅಲ್ಲಿ, ದುಡ್ಡು ಹಾಕುವವರೂ ಹೆಚ್ಚಾಗಿ ಅಲ್ಲಿಯವರೇ. 1956ರಲ್ಲಿ ರಾಜ್ಯ ಒಂದಾಯಿತು. ಆದರೂ ಬೆಂಗಳೂರಿನ ಥಿಯೇಟರುಗಳಲ್ಲಿ ತಮಿಳು, ತೆಲುಗು, ಹಿಂದಿ ಚಿತ್ರಗಳದ್ದೇ ಜೋರು. ಇಂಥ ಹೊತ್ತಿನಲ್ಲಿ ಡಬ್ಬಿಂಗ್ ಚಿತ್ರಗಳೂ ಬರುತ್ತಿದ್ದವು. 1957ರಲ್ಲಿ ತೆಲುಗು, ತಮಿಳಿನಲ್ಲಿ ತಯಾರಾದ 'ಮಾಯಾಬಜಾರ್' ಕನ್ನಡದ ಮಾತು ಹೊತ್ತು ಬಂದಾಗ ನಮ್ಮ ಜನ ಮನಸ್ಸಿಟ್ಟು ನೋಡಿದರು.

ತೊಂದರೆ ಇದ್ದದ್ದು ಲೆಕ್ಕಾಚಾರದಲ್ಲಿ. ಒಂದು ಪೌರಾಣಿಕ ಚಿತ್ರಕ್ಕೆ ಸೆಟ್ಟು, ಉಡುಪು, ನಟರು, ಕ್ಯಾಮೆರಾ ಎಲ್ಲದರ ಖರ್ಚೂ ತೆಲುಗಿನಲ್ಲೇ ಹುಟ್ಟಿಬಿಟ್ಟಿರುತ್ತದೆ. ಕನ್ನಡಕ್ಕೆ ಬೇಕಾಗುವುದು ಮಾತು ಬರೆಯುವ ಒಬ್ಬರು ಮತ್ತು ನಾಲ್ಕೈದು ಕಂಠ. ಅದರ ಎದುರು ಹೊಸದಾಗಿ ಒಂದು ಕನ್ನಡ ಚಿತ್ರ ಮಾಡಿ ಗೆಲ್ಲುವುದು ಹೇಗೆ? ನಾಟಕ ಕಂಪನಿಗಳಿಂದ ಬಂದ ಕಲಾವಿದರಿಗೆ ಕೆಲಸ ಎಲ್ಲಿ? ಈ ಪ್ರಶ್ನೆಯನ್ನು ದೊಡ್ಡ ದನಿಯಲ್ಲಿ ಎತ್ತಿದವರಲ್ಲಿ ಅ.ನ.ಕೃ. ಮುಖ್ಯರು. ಪೂರ್ತಿ ಹೆಸರು ಅರಕಲಗೂಡು ನರಸಿಂಗರಾವ್ ಕೃಷ್ಣರಾವ್. ಹುಟ್ಟಿದ್ದು ಕೋಲಾರದಲ್ಲಾದರೂ ಹೆಸರಿನ ಮೊದಲಕ್ಷರದಲ್ಲಿರುವುದು ನಮ್ಮ ಅರಕಲಗೂಡು. 1960ರ ದಶಕದ ಕನ್ನಡ ಹೋರಾಟದಲ್ಲಿ ಅವರ ಜೊತೆ ಮ. ರಾಮಮೂರ್ತಿ ಇದ್ದರು. ಚಿತ್ರರಂಗದ ಒಳಗಿನಿಂದ ರಾಜ್‌ಕುಮಾರ್ ಮುಂತಾದವರು ನಿಂತರು. ಕೊನೆಗೆ ಕನ್ನಡಕ್ಕೆ ಡಬ್ಬಿಂಗ್ ನಿಂತೇ ಹೋಯಿತು.

ಅವರು ಮಾಡಿದ್ದು ಸರಿ ಎಂದೇ ನಾನು ನಂಬುತ್ತೇನೆ. ಆ ರಕ್ಷಣೆ ಇಲ್ಲದಿದ್ದರೆ 1970ರ ದಶಕದಲ್ಲಿ ಕನ್ನಡ ಚಿತ್ರರಂಗ ಅಷ್ಟು ಬೇಗ ಬೆಳೆಯುತ್ತಿರಲಿಲ್ಲ. ಕಾದಂಬರಿ ಆಧರಿಸಿದ ಚಿತ್ರಗಳು, ಹೊಸ ಅಲೆಯ ಚಿತ್ರಗಳು, ಹೊಸ ನಟರು ಎಲ್ಲವೂ ಬಂದದ್ದು ಆ ಬೇಲಿಯ ಒಳಗೆ. ನಮ್ಮ ಪಕ್ಕದ ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರ 'ಅಬಚೂರಿನ ಪೋಸ್ಟಾಫೀಸು' 1973ರಲ್ಲೇ ಸಿನಿಮಾ ಆಯಿತು. ಮಲೆನಾಡಿನ ಪೋಸ್ಟಾಫೀಸಿನ ಕಥೆಯನ್ನು ಯಾವ ಡಬ್ಬಿಂಗ್ ಚಿತ್ರವೂ ನಮಗೆ ಕೊಡುತ್ತಿರಲಿಲ್ಲ.

ಆದರೆ ಬೇಲಿ ಹಾಕಿದ ಕಾರಣ ಕರಗುತ್ತಾ ಹೋದರೂ ಬೇಲಿ ಹಾಗೇ ಉಳಿಯಿತು. ಬೇರೆ ಭಾಷೆಯ ಚಿತ್ರಗಳು ಬರುವುದು ನಿಲ್ಲಲಿಲ್ಲ. ಅವು ತಮ್ಮ ಭಾಷೆಯಲ್ಲೇ ಬಂದವು. ಅವೇ ಕಥೆಗಳು ರಿಮೇಕ್ ಆಗಿ ಕನ್ನಡಕ್ಕೂ ಬಂದವು. 1993ರ ಮಲಯಾಳಂ ಚಿತ್ರದ ಕಥೆ 2004ರಲ್ಲಿ 'ಆಪ್ತಮಿತ್ರ' ಆಗಿ ಎಷ್ಟು ಓಡಿತು ಅಂತ ಎಲ್ಲರಿಗೂ ಗೊತ್ತು. ನನಗೂ ಅದು ಇಷ್ಟ. ಆದರೆ ಸ್ವಂತಿಕೆ ಉಳಿಸಲು ಡಬ್ಬಿಂಗ್ ಬೇಡ ಎನ್ನುತ್ತಲೇ ಸಾಲು ಸಾಲು ರಿಮೇಕ್ ಮಾಡಿದಾಗ ಆ ವಾದದ ಬಲ ಕುಗ್ಗಿತು. ಕಥೆ ಹೊರಗಿನದೇ ಆದರೆ ಮೂಲವನ್ನೇ ನಮ್ಮ ಮಾತಿನಲ್ಲಿ ನೋಡಬಾರದೇಕೆ ಎಂದು ಕೇಳುವವರು ಹುಟ್ಟಿಕೊಂಡರು.

ಇಷ್ಟೆಲ್ಲದರಲ್ಲಿ ನೋಡುವವರನ್ನು ಯಾರೂ ಕೇಳಲಿಲ್ಲ. ನನಗೆ ಇವತ್ತಿಗೂ ನೋವಾಗುವುದು ಇದಕ್ಕೇ. 1987ರ ಜನವರಿಯಲ್ಲಿ ದೂರದರ್ಶನದಲ್ಲಿ 'ರಾಮಾಯಣ' ಶುರುವಾಯಿತು. ಮರುವರ್ಷ ಅಕ್ಟೋಬರಿನಲ್ಲಿ 'ಮಹಾಭಾರತ'. ಭಾನುವಾರ ಬೆಳಿಗ್ಗೆ ನಮ್ಮ ವಠಾರದಲ್ಲಿ ಟಿ.ವಿ. ಇದ್ದ ಮನೆಯ ನಡುಮನೆ ತುಂಬಿಹೋಗುತ್ತಿತ್ತು. ಅಲ್ಲಿ ಕೂತ ಹೆಂಗಸರಲ್ಲಿ ಹೆಚ್ಚಿನವರಿಗೆ ಹಿಂದಿ ಒಂದಕ್ಷರ ಬಾರದು. ಹಿಂದಿ ಬಲ್ಲ ಮೇಷ್ಟ್ರೊಬ್ಬರು ಮಧ್ಯೆ ಮಧ್ಯೆ, "ಈಗ ಕೈಕೇಯಿ ವರ ಕೇಳ್ತಾ ಇದ್ದಾಳೆ ನೋಡಿ ಅಮ್ಮ" ಎಂದು ಬಿಡಿಸಿ ಹೇಳುತ್ತಿದ್ದರು. ರಾಮಾಯಣ ಗೊತ್ತಿದ್ದ ಅಜ್ಜಿಯರು ಹೇಗೋ ಹಿಂಬಾಲಿಸಿದರು. ಗೊತ್ತಿಲ್ಲದ ಕಥೆಯಾಗಿದ್ದರೆ? ಕನ್ನಡ ಒಂದೇ ಬಲ್ಲವರು ಹೊರಗೇ ಉಳಿಯುತ್ತಿದ್ದರು.

ಮಕ್ಕಳ ವಿಷಯದಲ್ಲಿ ಇದು ಇನ್ನೂ ಜಾಸ್ತಿ. ಕಾಡುಪ್ರಾಣಿಗಳ ಚಾನೆಲ್‌ಗಳು ತಮಿಳು, ತೆಲುಗಿನಲ್ಲಿ ಮಾತಾಡಲು ಶುರುಮಾಡಿದ ಮೇಲೂ ಕನ್ನಡಕ್ಕೆ ಬರಲಿಲ್ಲ. ಸಕಲೇಶಪುರ, ಆಲೂರು ಕಡೆಯ ಮಕ್ಕಳು ತೋಟದಲ್ಲಿ ನಿಜವಾದ ಆನೆ ನೋಡಿ ಬೆಳೆಯುತ್ತಾರೆ. ಆಫ್ರಿಕಾದ ಆನೆಯ ಬಗ್ಗೆ ತಿಳಿಯಬೇಕಾದರೆ ಮಾತ್ರ ಹಿಂದಿಯನ್ನೋ ಇಂಗ್ಲಿಷನ್ನೋ ಆಶ್ರಯಿಸಬೇಕಿತ್ತು. ಅದೇ ಟಿ.ವಿ.ಯಲ್ಲಿ ಸೋಪು, ಟೂತ್‌ಪೇಸ್ಟಿನ ಜಾಹೀರಾತು ಕನ್ನಡಕ್ಕೆ ಡಬ್ ಆಗಿಯೇ ಬರುತ್ತಿತ್ತು. ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. 2009ರಲ್ಲಿ ಚಿಂಟು ಟಿ.ವಿ. ಬಂದು ಕಾರ್ಟೂನ್‌ಗಳು ಕನ್ನಡ ಮಾತಾಡಿದಾಗ ಮಕ್ಕಳು ಪರದೆ ಬಿಟ್ಟು ಏಳಲಿಲ್ಲ.

ಈ ಅಸಮಾಧಾನ ಬೀದಿಗೆ ಬಂದದ್ದು 2012ರಲ್ಲಿ. ಆ ವರ್ಷ ಮೇ 6ರಂದು ಆಮಿರ್ ಖಾನ್ ಅವರ 'ಸತ್ಯಮೇವ ಜಯತೇ' ಶುರುವಾಯಿತು. ಮೊದಲ ಕಂತು ಹೆಣ್ಣುಭ್ರೂಣ ಹತ್ಯೆಯ ಬಗ್ಗೆ. ತಮಿಳು, ತೆಲುಗು, ಮಲಯಾಳಂ, ಬಂಗಾಳಿ, ಮರಾಠಿಯವರಿಗೆ ಅದು ಅವರ ಭಾಷೆಯಲ್ಲೇ ಸಿಕ್ಕಿತು. ಕನ್ನಡದ ಟಿ.ವಿ.ಗೆ ಮಾತ್ರ ಬರಲಿಲ್ಲ. ಸಿನಿಮಾದವರ ಹೊಟ್ಟೆಪಾಡಿನ ಮಾತು ಬೇರೆ. ಹೆಣ್ಣುಮಕ್ಕಳ ಜೀವದ ಬಗ್ಗೆ ಮಾತಾಡುವ ಕಾರ್ಯಕ್ರಮ ನಮ್ಮ ಹಳ್ಳಿಯ ತಾಯಂದಿರಿಗೆ ತಲುಪದ ಹಾಗೆ ಮಾಡಿದ್ದು ದೊಡ್ಡ ತಪ್ಪು. ಅದುವರೆಗೆ ಡಬ್ಬಿಂಗ್ ಬಗ್ಗೆ ತಲೆಕೆಡಿಸಿಕೊಳ್ಳದವರೂ ಆಗ ಮಾತಾಡಿದರು.

ಅದೇ ವರ್ಷ ಕನ್ನಡ ಗ್ರಾಹಕರ ಕೂಟದವರು, ಮಾರುಕಟ್ಟೆಯಲ್ಲಿ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು. ಭಾಷೆಯ ಜಗಳವನ್ನು ಅವರು ಗ್ರಾಹಕರ ಹಕ್ಕಿನ ಪ್ರಶ್ನೆಯಾಗಿ ಮುಂದಿಟ್ಟದ್ದು ಜಾಣ ಹೆಜ್ಜೆ. ಇತ್ತ ವಿರೋಧವೂ ಜೋರಾಯಿತು. 2014ರ ಜನವರಿಯಲ್ಲಿ ನಟರು, ತಂತ್ರಜ್ಞರು, ಕನ್ನಡ ಸಂಘಟನೆಗಳು ಸೇರಿ ಡಬ್ಬಿಂಗ್ ವಿರುದ್ಧ ಬೀದಿಗಿಳಿದರು. 2015ರ ಜುಲೈನಲ್ಲಿ ಆಯೋಗದ ಆದೇಶ ಬಂತು. ಡಬ್ಬಿಂಗ್ ತಡೆಯುವುದು ಸ್ಪರ್ಧಾ ಕಾಯ್ದೆಗೆ ವಿರುದ್ಧ ಎಂದು ಹೇಳಿ, ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಸೇರಿದಂತೆ ಕೆಲವು ಸಂಘಗಳಿಗೆ ದಂಡ ಹಾಕಿತು. 2017ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಬಂಗಾಳಿಗೆ ಡಬ್ ಆದ 'ಮಹಾಭಾರತ'ದ ಪ್ರಕರಣದಲ್ಲಿ ಇದೇ ದಾರಿಯಲ್ಲಿ ತೀರ್ಪು ಕೊಟ್ಟಿತು.

ಆದೇಶ ಬಂದ ಕೂಡಲೇ ಬಾಗಿಲು ತೆರೆಯಲಿಲ್ಲ. 2017ರಲ್ಲಿ ಅಜಿತ್ ನಟಿಸಿದ ತಮಿಳು ಚಿತ್ರವೊಂದು 'ಸತ್ಯದೇವ್ ಐಪಿಎಸ್' ಎಂಬ ಹೆಸರಿನಲ್ಲಿ ಬಂದಾಗ ಪ್ರತಿಭಟನೆ ಎದುರಾಯಿತು. ಪ್ರದರ್ಶನಕ್ಕೆ ಥಿಯೇಟರ್ ಸಿಗುವುದೇ ಕಷ್ಟವಾಯಿತು. 2019ರಲ್ಲಿ ಅಜಿತ್ ಅವರದ್ದೇ 'ಜಗಮಲ್ಲ', ಆಮೇಲೆ 'ಸೈರಾ ನರಸಿಂಹ ರೆಡ್ಡಿ' ಬಂದವು. ಆ ಹೊತ್ತಿಗೆ ಕಾವು ಇಳಿದಿತ್ತು. ಉಳಿದದ್ದನ್ನು ಕೊರೋನಾ ಮುಗಿಸಿತು. 2020ರ ಲಾಕ್‌ಡೌನ್‌ನಲ್ಲಿ ಧಾರಾವಾಹಿಗಳ ಶೂಟಿಂಗ್ ನಿಂತಿತು. ಚಾನೆಲ್‌ಗಳಿಗೆ ತೋರಿಸಲು ಏನೂ ಇರಲಿಲ್ಲ. ಸ್ಟಾರ್ ಸುವರ್ಣದಲ್ಲಿ ಹಿಂದಿಯ 'ಮಹಾಭಾರತ' ಕನ್ನಡದಲ್ಲಿ ಬಂತು. ಮನೆಮಂದಿಯೆಲ್ಲ ಕೂತು ನೋಡಿದರು. ಕನ್ನಡ ಹಾಳಾಯಿತು ಎಂದು ನಮ್ಮ ಮನೆಯಲ್ಲಂತೂ ಯಾರಿಗೂ ಅನ್ನಿಸಲಿಲ್ಲ.

ಇಷ್ಟರಲ್ಲಿ ಇನ್ನೊಂದು ದಿಕ್ಕಿನಿಂದ ಕಥೆ ತಿರುಗಿತ್ತು. 2018ರ ಡಿಸೆಂಬರ್ 21ರಂದು 'ಕೆಜಿಎಫ್' ಬಿಡುಗಡೆಯಾಯಿತು. ಕನ್ನಡದ ಜೊತೆ ಹಿಂದಿ, ತೆಲುಗು, ತಮಿಳು, ಮಲಯಾಳಂನಲ್ಲೂ ಬಂತು. ನಾಯಕ ಯಶ್ ಹುಟ್ಟಿದ್ದು ನಮ್ಮ ಜಿಲ್ಲೆಯ ಭುವನಹಳ್ಳಿಯಲ್ಲಿ. ಉತ್ತರ ಭಾರತದ ಹುಡುಗರು ಆ ಪಾತ್ರದ ಮಾತನ್ನು ಹಿಂದಿಯಲ್ಲಿ ಹೇಳಿಕೊಂಡು ಓಡಾಡಿದಾಗ ಹಾಸನದವರಿಗೆ ಆದ ಖುಷಿ ಅಷ್ಟಿಷ್ಟಲ್ಲ. 2022ರಲ್ಲಿ ಅದರ ಎರಡನೇ ಭಾಗ, ಆಮೇಲೆ 'ಕಾಂತಾರ' ಅದೇ ದಾರಿ ಹಿಡಿದವು. ನಮ್ಮ ಸಿನಿಮಾ ಅವರ ಭಾಷೆಯಲ್ಲಿ ಹೋಗಲಿ, ಅವರದು ನಮ್ಮ ಭಾಷೆಯಲ್ಲಿ ಬರಬಾರದು ಎನ್ನುವ ಮಾತಿಗೆ ಆಮೇಲೆ ಜಾಗವೇ ಉಳಿಯಲಿಲ್ಲ.

ಅ.ನ.ಕೃ. ಕೇಳಿದ್ದು ಕನ್ನಡಕ್ಕೆ ಅದರ ಪಾಲು. ಡಬ್ಬಿಂಗ್ ಬೇಕು ಎಂದವರು ಕೇಳಿದ್ದೂ ಅದನ್ನೇ, ಕಾಲ ಮಾತ್ರ ಬೇರೆ. ಹಾಗಾಗಿ ಈ ಇಬ್ಬರನ್ನು ಎದುರುಬದುರು ನಿಲ್ಲಿಸಲು ನನಗೆ ಮನಸ್ಸಿಲ್ಲ.

ಹಾಗಂತ ಎಲ್ಲ ಸರಿಹೋಯಿತು ಅಂತಲ್ಲ. 2021ರ ಡಿಸೆಂಬರಿನಲ್ಲಿ 'ಪುಷ್ಪ' ಬಂದಾಗ ಕನ್ನಡ ಆವೃತ್ತಿಗೆ ಬೆರಳೆಣಿಕೆಯಷ್ಟು ಶೋ ಸಿಕ್ಕಿತು, ತೆಲುಗಿಗೆ ರಾಶಿ ರಾಶಿ. ಜನ ಸಿಟ್ಟಾದರು. ಅರವತ್ತರ ದಶಕದಲ್ಲಿ ಡಬ್ಬಿಂಗ್ ಬೇಡ ಎಂದು ಸಿಟ್ಟಾಗಿದ್ದ ನಾಡಿನಲ್ಲಿ ಈಗ ಡಬ್ಬಿಂಗ್ ಯಾಕೆ ಕೊಡಲಿಲ್ಲ ಎಂಬ ಸಿಟ್ಟು. ಈಗಲೂ ಎಷ್ಟೋ ಚಿತ್ರಗಳಿಗೆ ಕನ್ನಡದ ಟ್ರೈಲರ್ ಇರುತ್ತದೆ. ಆದರೆ ಹಾಸನದ ಬಿ.ಎಂ. ರಸ್ತೆಯಲ್ಲಿ ನಿಂತು ಟಿಕೆಟ್ ಹುಡುಕಿದರೆ ಮೂಲ ಭಾಷೆಯದ್ದೇ ಸಿಗುತ್ತದೆ.

ಭಾಷೆಯ ಗುಣಮಟ್ಟದ ಮಾತೂ ಇದೆ. ಪ, ಬ, ಮ ಬಂದಾಗ ತುಟಿ ಮುಚ್ಚುತ್ತದೆ. ಪರದೆ ಮೇಲೆ ತುಟಿ ಮುಚ್ಚಿದ ಕಡೆಯೇ ಅಂಥ ಅಕ್ಷರ ಬರುವ ಹಾಗೆ ಸಂಭಾಷಣೆ ಬರೆಯಬೇಕು. ಅರ್ಥ ಕೆಡಬಾರದು, ಉದ್ದವೂ ಹೊಂದಬೇಕು. ಇದು ಕವಿತೆ ಬರೆದಷ್ಟೇ ಕಷ್ಟದ ಕೆಲಸ. ಅವಸರದಲ್ಲಿ ಮಾಡಿದಾಗ ಹಳ್ಳಿಯ ರೈತನೂ ವಾರ್ತೆ ಓದುವವರ ಹಾಗೆ ಮಾತಾಡುತ್ತಾನೆ. ಹಾಸನದ ಕನ್ನಡ, ಧಾರವಾಡದ ಕನ್ನಡ, ಕುಂದಾಪುರದ ಕನ್ನಡ ಇಷ್ಟೆಲ್ಲ ಇರುವಾಗ ಎಲ್ಲ ಪಾತ್ರಕ್ಕೂ ಒಂದೇ ಸಪ್ಪೆ ಕನ್ನಡ ಯಾಕೆ? ಆಗ ಕೆಲಸ ಹೋಗುತ್ತದೆ ಎಂದು ಹೆದರಿದ ಚಿತ್ರರಂಗದಲ್ಲೇ ಈಗ ಬರೆಯುವವರಿಗೆ, ಕಂಠ ಕೊಡುವವರಿಗೆ ಹೊಸ ಕೆಲಸ ಹುಟ್ಟಿದೆ. ಅವರಿಗೆ ಒಳ್ಳೆಯ ಸಂಬಳ ಸಿಗಲಿ, ಬರೆಯಲು ಬೇಕಾದಷ್ಟು ಸಮಯ ಸಿಗಲಿ. ಸಂಭಾಷಣೆ ಬರೆದವರ ಹೆಸರನ್ನು ನಾಯಕನ ಹೆಸರಿನ ಕೆಳಗೆ ದೊಡ್ಡದಾಗಿ ಹಾಕಲಿ. ಹಾಸನದಂಥ ಊರಿನಲ್ಲಿ ಸಂಜೆಯ ಒಂದು ಶೋ ಆದರೂ ಕನ್ನಡದ್ದೇ ಇರಲಿ.