ಎರಡು ಲೆಕ್ಕದ ಯುದ್ಧ: ಕಾಂಬೋಡಿಯದ ಮೇಲಿನ ಗುಪ್ತ ಬಾಂಬ್ ದಾಳಿ ಮತ್ತು ಅದರ ಜಗಳ

ದಕ್ಷಿಣ ವಿಯೆಟ್ನಾಮಿನ ಬಿಯೆನ್ ಹೋವಾ ವಾಯುನೆಲೆಯ ರಾಡಾರ್ ಕೇಂದ್ರದಲ್ಲಿ 1970ರಲ್ಲಿ ಮೇಜರ್ ಹಾಲ್ ನೈಟ್ ಎಂಬ ಅಮೆರಿಕನ್ ವಾಯುಪಡೆಯ ಅಧಿಕಾರಿ ಕೆಲಸದಲ್ಲಿದ್ದರು. ದಾಳಿಯಿರುವ ದಿನ ಸಣ್ಣ ವಿಮಾನವೊಂದರಲ್ಲಿ ಅವರ ಕೈಗೆ ಒಂದು ಲಕೋಟೆ ಬರುತ್ತಿತ್ತು. ಅದರಲ್ಲಿರುತ್ತಿದ್ದ ಅಕ್ಷಾಂಶ ರೇಖಾಂಶಗಳು ದಕ್ಷಿಣ ವಿಯೆಟ್ನಾಮಿನವಲ್ಲ, ಗಡಿಯಾಚೆಯ ಕಾಂಬೋಡಿಯದವು. ರಾತ್ರಿ ಬಿ-52 ಎಂಬ ಭಾರೀ ಬಾಂಬರ್ ವಿಮಾನಗಳನ್ನು ರಾಡಾರ್ ಮೂಲಕ ಆ ಜಾಗಗಳಿಗೆ ತಿರುಗಿಸಿ ಬಾಂಬ್ ಹಾಕಿಸಿದ ಮೇಲೆ, ಬೆಳಿಗ್ಗೆ ನೈಟ್ ಆ ಕಾಗದಗಳನ್ನೆಲ್ಲ ಒಟ್ಟುಮಾಡಿ ಸುಟ್ಟು, ರಾಜಧಾನಿ ಸೈಗಾನಿನ ಒಂದು ದೂರವಾಣಿ ಸಂಖ್ಯೆಗೆ ಕರೆಮಾಡಿ, ಕೆಲಸವಾಯಿತೆಂಬ ಸಂಕೇತವಾಗಿ 'ಚೆಂಡಾಟ ಮುಗಿಯಿತು' ಎಂದು ಹೇಳುತ್ತಿದ್ದರು. ಆಮೇಲೆ ಕಡತಕ್ಕೆ ಸೇರುತ್ತಿದ್ದ ವರದಿಯ ಪ್ರಕಾರ ಆ ಬಾಂಬ್‌ಗಳೆಲ್ಲ ದಕ್ಷಿಣ ವಿಯೆಟ್ನಾಮಿನೊಳಗೇ ಬಿದ್ದಿರುತ್ತಿದ್ದವು.

'ಆಪರೇಷನ್ ಮೆನು' ಎಂಬ ಈ ಕಾರ್ಯಾಚರಣೆಯ ಬೇರು ಕಾಂಬೋಡಿಯದ ತಟಸ್ಥ ನೀತಿಯಲ್ಲಿತ್ತು. ರಾಷ್ಟ್ರಮುಖ್ಯಸ್ಥ ನೊರೊಡೊಮ್ ಸಿಹಾನೂಕ್ ದೇಶವನ್ನು ಯುದ್ಧದಿಂದ ಹೊರಗಿಡಲು ಹೆಣಗುತ್ತಿದ್ದರೂ, ಉತ್ತರ ವಿಯೆಟ್ನಾಮಿನ ಸೈನ್ಯ ಮತ್ತು ದಕ್ಷಿಣದ ಕಮ್ಯುನಿಸ್ಟ್ ಗೆರಿಲ್ಲಾಗಳಾದ ವಿಯೆಟ್ ಕಾಂಗ್ ಪಡೆಗಳು ಪೂರ್ವ ಗಡಿಯ ಕಾಡುಗಳಲ್ಲಿ ಬೀಡುಬಿಟ್ಟಿದ್ದವು. ಅಲ್ಲಿಂದ ದಾಳಿಮಾಡಿ ಮತ್ತೆ ಅಲ್ಲಿಗೇ ಮರಳುತ್ತಿದ್ದವು. ಅಮೆರಿಕದ ಸೇನಾಧಿಕಾರಿಗಳಿಗೆ ಇದು ವರ್ಷಗಳಿಂದ ಕಣ್ಣಿಗೆ ಬಿದ್ದ ಕಸವಾಗಿತ್ತು. ರಿಚರ್ಡ್ ನಿಕ್ಸನ್ 1969ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷರಾಗಿ ಅಧಿಕಾರ ವಹಿಸಿಕೊಂಡ ಕೆಲವೇ ವಾರಗಳಲ್ಲಿ, ಸೈಗಾನಿನಲ್ಲಿದ್ದ ಅಮೆರಿಕನ್ ಪಡೆಗಳ ದಂಡನಾಯಕ ಜನರಲ್ ಕ್ರೈಟನ್ ಏಬ್ರಮ್ಸ್, ಶತ್ರುವಿನ ಕೇಂದ್ರ ಕಚೇರಿ ಗಡಿಯಾಚೆಯ 353ನೇ ನೆಲೆಯಲ್ಲಿದೆಯೆಂದೂ ಅದರ ಮೇಲೆ ಬಿ-52 ದಾಳಿಗೆ ಅನುಮತಿ ಬೇಕೆಂದೂ ಬರೆದರು. ಫೆಬ್ರವರಿಯ ಕೊನೆಗೆ ದಕ್ಷಿಣದ ಪಟ್ಟಣಗಳ ಮೇಲೆ ಹೊಸ ದಾಳಿ ಶುರುವಾದಾಗ ನಿಕ್ಸನ್ ಒಪ್ಪಿದರು.

1969ರ ಮಾರ್ಚ್ 18ರಂದು ಗುವಾಮ್ ದ್ವೀಪದ ಆಂಡರ್ಸನ್ ನೆಲೆಯ 60 ಬಿ-52ಗಳಿಗೆ ದಕ್ಷಿಣ ವಿಯೆಟ್ನಾಮಿನ ಗುರಿಗಳನ್ನು ಕೊಡಲಾಗಿತ್ತು. ಅಲ್ಲಿಂದ ವಿಯೆಟ್ನಾಮಿಗೆ ಸಾಗರದ ಮೇಲೆ ಸುಮಾರು 4,000 ಕಿಲೋಮೀಟರ್. ಆಕಾಶದಲ್ಲೇ ಇಂಧನ ತುಂಬಿಸಿಕೊಂಡು ಗಡಿಯ ಹತ್ತಿರ ಬಂದ ವಿಮಾನಗಳ ಪೈಕಿ 48ನ್ನು ನೆಲದ ರಾಡಾರ್ ಕೇಂದ್ರಗಳು ಕಾಂಬೋಡಿಯದೊಳಕ್ಕೆ ತಿರುಗಿಸಿದವು. ರಾಡಾರ್ ಹೇಳಿದ ಕಡೆ ಹೋಗಬೇಕೆಂಬುದು ಪೈಲಟ್ ಮತ್ತು ನ್ಯಾವಿಗೇಟರ್‌ಗೆ ಮಾತ್ರ ಮೊದಲೇ ತಿಳಿದಿತ್ತು. ಅದೇ ವಿಮಾನದ ಉಳಿದ ಸಿಬ್ಬಂದಿಗೆ ಗೊತ್ತಿರಲಿಲ್ಲ. ಆ ಮೊದಲ ದಾಳಿಗೆ 'ಬ್ರೇಕ್‌ಫಾಸ್ಟ್' ಎಂದು ಹೆಸರಿಟ್ಟಿದ್ದರು, ಮುಂದಿನವಕ್ಕೆ ಲಂಚ್, ಡಿನ್ನರ್, ಸ್ನ್ಯಾಕ್, ಸಪ್ಪರ್, ಡೆಸರ್ಟ್. ಯಾರಿಗೆ ಹೊಳೆದ ಹಾಸ್ಯವೋ ಏನೋ, ಓದುವವರಿಗೆ ಇಂದಿಗೂ ಮುಜುಗರವಾಗುತ್ತದೆ. 'ಬ್ರೇಕ್‌ಫಾಸ್ಟ್' ಪ್ರದೇಶದಲ್ಲಿ ಸುಮಾರು 1,640 ಕಾಂಬೋಡಿಯನ್ನರು ವಾಸವಾಗಿದ್ದಾರೆಂದು ಸೇನಾ ಮುಖ್ಯಸ್ಥರ ಅಂದಾಜೇ ಹೇಳಿತ್ತು.

ಅಂಗಡಿಯವರು ತೆರಿಗೆಯವರಿಗೊಂದು, ಮನೆಗೊಂದು ಲೆಕ್ಕದ ಪುಸ್ತಕ ಇಡುವುದನ್ನು ನಾವು ಬಲ್ಲೆವು. ಇಲ್ಲಿ ಒಂದು ಸರ್ಕಾರವೇ ಹಾಗೆ ಮಾಡಿತು. ಇಂಧನ, ಬಾಂಬ್, ಬಿಡಿಭಾಗಗಳ ಖರ್ಚಿಗೆ ಲೆಕ್ಕ ಬೇಕೇ ಬೇಕು, ಆದ್ದರಿಂದ ಹಾರಾಟವನ್ನೇ ಮುಚ್ಚಿಡುವಂತಿರಲಿಲ್ಲ. ಕರ್ನಲ್ ರೇ ಸಿಟನ್ ರೂಪಿಸಿದ ಏರ್ಪಾಡಿನಂತೆ, ಪ್ರತಿ ದಾಳಿಗೂ ದಕ್ಷಿಣ ವಿಯೆಟ್ನಾಮಿನಲ್ಲಿ ಒಂದು ಸುಳ್ಳು ಗುರಿಯನ್ನು ತೋರಿಸಿ ಸಾಮಾನ್ಯ ಮಾರ್ಗದಲ್ಲಿ ವರದಿ ಕಳುಹಿಸಲಾಗುತ್ತಿತ್ತು, ನಿಜವಾದದ್ದು ಬೇರೆ ದಾರಿಯಲ್ಲಿ ಬೆರಳೆಣಿಕೆಯ ಮಂದಿಗೆ ಮಾತ್ರ ಹೋಗುತ್ತಿತ್ತು. ವಾಯುಪಡೆಯ ಕಾರ್ಯದರ್ಶಿ ರಾಬರ್ಟ್ ಸೀಮನ್ಸ್ ಅವರಿಗೂ ಇದು ತಿಳಿದಿರಲಿಲ್ಲ. ಹೀಗೆ ಹದಿನಾಲ್ಕು ತಿಂಗಳಲ್ಲಿ, ಅಂದರೆ 1970ರ ಮೇ 26ರವರೆಗೆ, 3,800ಕ್ಕೂ ಹೆಚ್ಚು ಹಾರಾಟಗಳಲ್ಲಿ 1 ಲಕ್ಷ ಟನ್ ಮೀರಿದ ಬಾಂಬ್ ಬಿತ್ತು.

ಗುಟ್ಟು ಯಾರಿಂದ ಎಂಬ ಪ್ರಶ್ನೆ ಹುಟ್ಟುವುದು ಇಲ್ಲೇ. ಬಾಂಬ್ ಬೀಳುತ್ತಿದ್ದವರಿಂದ ಅಲ್ಲ ಎಂಬುದು ಸ್ಪಷ್ಟ. ಹನೋಯಿಗೂ, ಅಂದರೆ ಉತ್ತರ ವಿಯೆಟ್ನಾಮಿನ ಸರ್ಕಾರಕ್ಕೂ, ತನ್ನ ಸೈನಿಕರ ಮೇಲೆ ಏನು ಬೀಳುತ್ತಿದೆಯೆಂದು ಗೊತ್ತಿತ್ತು, ಆದರೆ ಅಲ್ಲಿ ತನ್ನ ಸೈನ್ಯವೇ ಇಲ್ಲವೆಂದು ಹೇಳಿಕೊಂಡು ಬಂದಿದ್ದರಿಂದ ಬಾಯಿಬಿಡುವಂತಿರಲಿಲ್ಲ. ಆಡಳಿತದ ವಾದವೆಂದರೆ ಗುಟ್ಟು ಸಿಹಾನೂಕರ ಸಲುವಾಗಿ ಎಂಬುದು: ದಾಳಿ ಬಹಿರಂಗವಾದರೆ ಅವರು ಪ್ರತಿಭಟಿಸಲೇಬೇಕಾಗುತ್ತದೆ, ಗುಪ್ತವಾಗಿದ್ದರೆ ಕಂಡೂ ಕಾಣದಂತೆ ಇರುತ್ತಾರೆ. 1968ರ ಜನವರಿಯಲ್ಲಿ ದೆಹಲಿಯಲ್ಲಿದ್ದ ಅಮೆರಿಕದ ರಾಯಭಾರಿ ಚೆಸ್ಟರ್ ಬೋಲ್ಸ್ ಫ್ನೋಮ್ ಪೆನ್‌ಗೆ ಹೋಗಿ ಸಿಹಾನೂಕರನ್ನು ಕಂಡಾಗ, ಜನವಸತಿಯಿಲ್ಲದ ಕಡೆ ವಿಯೆಟ್ ಕಾಂಗ್ ಪಡೆಗಳನ್ನು ಬೆನ್ನಟ್ಟಿದರೆ ತಾನು ಕಣ್ಣುಮುಚ್ಚಿಕೊಂಡಿರುವೆನೆಂಬ ಅರ್ಥದ ಮಾತನ್ನು ಅವರು ಆಡಿದ್ದರು. ಬೆನ್ನಟ್ಟುವುದಕ್ಕೆ ಕೊಟ್ಟ ಆ ಅರೆಮನಸ್ಸಿನ ಸಮ್ಮತಿಯನ್ನು ಹದಿನಾಲ್ಕು ತಿಂಗಳ ಬಿ-52 ದಾಳಿಗೆ ಹಿಗ್ಗಿಸಬಹುದೇ ಎಂಬುದರ ಮೇಲೆ ನಿಕ್ಸನ್ನರ ರಾಷ್ಟ್ರೀಯ ಭದ್ರತಾ ಸಲಹೆಗಾರರಾಗಿದ್ದ ಹೆನ್ರಿ ಕಿಸಿಂಜರ್ ಮತ್ತು ಅವರ ಟೀಕಾಕಾರರ ನಡುವೆ ದಶಕಗಳ ಕಾಲ ವಾಗ್ವಾದ ನಡೆಯಿತು. ನನಗೆ ಆ ಹಿಗ್ಗಿಸುವಿಕೆ ಒಪ್ಪಿಗೆಯಾಗುವುದಿಲ್ಲ. ಭಾರತದ ಅಧ್ಯಕ್ಷತೆಯ ಅಂತರರಾಷ್ಟ್ರೀಯ ಮೇಲ್ವಿಚಾರಣಾ ಆಯೋಗ 1954ರ ಜಿನೀವಾ ಒಪ್ಪಂದದಂತೆ ಕಾಂಬೋಡಿಯದಲ್ಲಿ 1969ರ ಕೊನೆಯವರೆಗೂ ಇತ್ತೆಂಬುದನ್ನೂ ಇಲ್ಲಿ ನೆನೆಯಬಹುದು.

ಸಿಹಾನೂಕರೇ ಕಾರಣವೆಂಬ ವಾದಕ್ಕೆ ದಿನಾಂಕಗಳೂ ಅಡ್ಡ ಬರುತ್ತವೆ. 1970ರ ಮಾರ್ಚ್ 18ರಂದು, ಮೊದಲ ದಾಳಿಯಾಗಿ ಸರಿಯಾಗಿ ಒಂದು ವರ್ಷಕ್ಕೆ, ಅವರು ಪದಚ್ಯುತರಾದರು. ಅವರ ಮರ್ಯಾದೆ ಕಾಯುವ ಅಗತ್ಯ ಅಲ್ಲಿಗೆ ಮುಗಿಯಿತು. ಆದರೂ ಏಪ್ರಿಲ್ 30ರಂದು ಕಾಂಬೋಡಿಯಕ್ಕೆ ನೆಲಸೈನ್ಯ ಕಳುಹಿಸುವುದನ್ನು ದೂರದರ್ಶನದಲ್ಲಿ ಘೋಷಿಸಿದ ನಿಕ್ಸನ್, ತಟಸ್ಥ ದೇಶದ ಗಡಿಯನ್ನು ಗೌರವಿಸಿ ಐದು ವರ್ಷಗಳಿಂದ ಆ ಶತ್ರುನೆಲೆಗಳ ಮೇಲೆ ಕ್ರಮ ಕೈಗೊಂಡಿರಲಿಲ್ಲವೆಂದು ದೇಶಕ್ಕೆ ಹೇಳಿದರು. ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ಬೆಂಬಲಿಗರಾದ ಕೆಲವೇ ಹಿರಿಯ ಸದಸ್ಯರಿಗೆ ಮಾತ್ರ ಬಾಯಿಮಾತಿನಲ್ಲಿ ವಿಷಯ ತಿಳಿಸಲಾಗಿತ್ತು.

ಹಾಗೆಂದು ಸುದ್ದಿ ಸೋರಿರಲಿಲ್ಲವೆಂದಲ್ಲ. 1969ರ ಮೇ 9ರಂದೇ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ ವಿಲಿಯಂ ಬೀಚರ್ ಈ ದಾಳಿಗಳ ಬಗ್ಗೆ ಬರೆದಿದ್ದರು. ಜನ ಅದನ್ನು ಹೆಚ್ಚು ಗಮನಿಸಲಿಲ್ಲ. ಶ್ವೇತಭವನ ಮಾತ್ರ ಕೆರಳಿ, ಸೋರಿಕೆಯ ಮೂಲ ಹುಡುಕಲು ಎಫ್‌ಬಿಐ ಮೂಲಕ ಅಧಿಕಾರಿಗಳ ಮತ್ತು ಪತ್ರಕರ್ತರ ದೂರವಾಣಿಗಳ ಕದ್ದಾಲಿಕೆ ಶುರುಮಾಡಿಸಿತು. ಕೊನೆಗೆ ಅದು 17 ಮಂದಿಯವರೆಗೆ ಬೆಳೆಯಿತು.

ನಿಜವಾದ ಚರ್ಚೆ ನಡೆದದ್ದು 1973ರ ಬೇಸಿಗೆಯಲ್ಲಿ. ಆ ಹೊತ್ತಿಗೆ ಸೇನೆ ಬಿಟ್ಟಿದ್ದ ನೈಟ್ ಸೆನೆಟರ್ ವಿಲಿಯಂ ಪ್ರಾಕ್ಸ್‌ಮೈರ್ ಅವರಿಗೆ ಪತ್ರ ಬರೆದು ತಾವು ಸುಟ್ಟ ಕಾಗದಗಳ ಕಥೆ ಹೇಳಿದ್ದರು. ಜುಲೈನಲ್ಲಿ ರಕ್ಷಣಾ ಕಾರ್ಯದರ್ಶಿ ಜೇಮ್ಸ್ ಶ್ಲೆಸಿಂಜರ್ ದಾಳಿಗಳು ನಡೆದದ್ದು ನಿಜವೆಂದು ಸೆನೆಟ್ ಸಮಿತಿಗೆ ಒಪ್ಪಿಕೊಂಡರು. ಅದಕ್ಕೂ ಮುನ್ನ ಪೆಂಟಗನ್ ಅದೇ ಸೆನೆಟ್‌ಗೆ ಕೊಟ್ಟಿದ್ದ ರಹಸ್ಯ ಅಂಕಿಅಂಶಗಳಲ್ಲಿ 1970ರ ಮೇಗಿಂತ ಮೊದಲು ಕಾಂಬೋಡಿಯದ ಮೇಲೆ ನಡೆದ ಬಿ-52 ದಾಳಿಗಳ ಸಂಖ್ಯೆ ಸೊನ್ನೆ. ಸದಸ್ಯರನ್ನು ಕೆರಳಿಸಿದ್ದು ಇದು: ಹೇಳದೆ ಬಿಟ್ಟದ್ದು ಒಂದಾದರೆ, ಸುಳ್ಳನ್ನು ಮುದ್ರೆಯೊತ್ತಿ ಕೊಟ್ಟದ್ದು ಇನ್ನೊಂದು. 'ಮೆನು' ಮುಗಿದ ಮೇಲೂ ಕಾಂಬೋಡಿಯದಲ್ಲಿ ಮುಂದುವರಿದಿದ್ದ ಬಾಂಬ್ ದಾಳಿ ಆಗಸ್ಟ್ 15ರೊಳಗೆ ನಿಲ್ಲಬೇಕೆಂದು ಕಾಂಗ್ರೆಸ್ ಕಾನೂನು ಮಾಡಿತ್ತು. ನವೆಂಬರ್‌ನಲ್ಲಿ ನಿಕ್ಸನ್ನರ ವೀಟೊ ಮೀರಿ, ಅಧ್ಯಕ್ಷರ ಯುದ್ಧಾಧಿಕಾರಕ್ಕೆ ಮಿತಿ ಹಾಕುವ ಯುದ್ಧಾಧಿಕಾರಗಳ ನಿರ್ಣಯವನ್ನೂ ಅಂಗೀಕರಿಸಿತು.

1974ರ ಜುಲೈ 30ರಂದು ಪ್ರತಿನಿಧಿ ಸಭೆಯ ನ್ಯಾಯಾಂಗ ಸಮಿತಿಯಲ್ಲಿ ಜಾನ್ ಕಾನ್ಯರ್ಸ್, ಕಾಂಬೋಡಿಯದ ದಾಳಿಯನ್ನು ಕಾಂಗ್ರೆಸ್ಸಿನಿಂದ ಮುಚ್ಚಿಟ್ಟದ್ದನ್ನೇ ನಿಕ್ಸನ್ ಮೇಲಿನ ಮಹಾಭಿಯೋಗದ ಒಂದು ಆರೋಪವಾಗಿಸಬೇಕೆಂದು ಮಂಡಿಸಿದರು. 26-12 ಮತಗಳಿಂದ ಅದು ಬಿದ್ದುಹೋಯಿತು. ಕೆಲವು ನಾಯಕರಿಗಾದರೂ ತಿಳಿಸಲಾಗಿತ್ತು, ಯುದ್ಧಕ್ಕೆ ಹಣ ಕೊಡುತ್ತಾ ಬಂದ ಕಾಂಗ್ರೆಸ್ಸಿಗೂ ಪಾಲಿದೆ ಎಂಬ ಆಕ್ಷೇಪಗಳಲ್ಲಿ ಸತ್ಯವಿಲ್ಲದೆ ಇರಲಿಲ್ಲ. ಆದರೆ ಹಿಂದಿನ ದಿನವಷ್ಟೇ ಅದೇ ಸಮಿತಿ ಒಪ್ಪಿದ್ದ ಎರಡನೆಯ ಆರೋಪದಲ್ಲಿ ಕಾನೂನುಬಾಹಿರ ದೂರವಾಣಿ ಕದ್ದಾಲಿಕೆ ಸೇರಿತ್ತು.

ದಾಳಿಯಿಂದ ಸಿಕ್ಕಿದ್ದೇನು ಎಂಬ ಚರ್ಚೆ ಇನ್ನೂ ಆರಿಲ್ಲ. ಶತ್ರುವಿನ ಕೇಂದ್ರ ಕಚೇರಿ ನಾಶವಾಗಲಿಲ್ಲ. ವಿಯೆಟ್ನಾಮಿ ಪಡೆಗಳು ಕಾಂಬೋಡಿಯದ ಇನ್ನಷ್ಟು ಒಳಕ್ಕೆ ಸರಿದವು. ಕಾಂಬೋಡಿಯದ ಕಮ್ಯುನಿಸ್ಟ್ ಬಂಡುಕೋರರಾದ ಖ್ಮೇರ್ ರೂಜ್ ಬೆಳೆದದ್ದಕ್ಕೆ ಬಾಂಬೇ ಕಾರಣವೆಂದು ಒಂದು ಪಕ್ಷ ಹೇಳಿದರೆ, ಹನೋಯಿಯ ಬೆಂಬಲವನ್ನೂ ಸಿಹಾನೂಕರ ಪತನವನ್ನೂ ಇನ್ನೊಂದು ಪಕ್ಷ ಮುಂದಿಡುತ್ತದೆ. ಈ ವಾದಕ್ಕೆ ಬೇಕಾದ ಟನ್‌ಗಳ ಲೆಕ್ಕವೇ ಅಲುಗಾಡುತ್ತಾ ಬಂದಿದೆ. ಬಿಲ್ ಕ್ಲಿಂಟನ್ 2000ದಲ್ಲಿ ಬಿಡುಗಡೆ ಮಾಡಿಸಿದ ವಾಯುಪಡೆಯ ದತ್ತಾಂಶವನ್ನು ಆಧರಿಸಿ ಸಂಶೋಧಕರಾದ ಟೇಲರ್ ಓವೆನ್ ಮತ್ತು ಬೆನ್ ಕೀರ್ನನ್ 2006ರಲ್ಲಿ, ಯುದ್ಧದ ಉದ್ದಕ್ಕೂ ಕಾಂಬೋಡಿಯದ ಮೇಲೆ 27 ಲಕ್ಷ ಟನ್‌ಗೂ ಹೆಚ್ಚು ಬಾಂಬ್ ಬಿದ್ದಿತ್ತೆಂದು ಬರೆದರು. ಮುಂದೆ ತಾವೇ ಮರುಪರಿಶೀಲಿಸಿ ಸುಮಾರು 5 ಲಕ್ಷ ಟನ್ ಎಂದು ತಿದ್ದಿಕೊಂಡರು. ತಿದ್ದಿದ ಸಂಖ್ಯೆಗಿಂತ ಹಳೆಯ ಸಂಖ್ಯೆಯನ್ನೇ ಇಂದಿಗೂ ಎತ್ತಿ ಹೇಳುವವರಿದ್ದಾರೆ.