ಬಾಡಿಗೆ ನಿಲ್ಲಿಸುವ ಮೊದಲು ಒಂದು ಪತ್ರ ಬರೆಯಿರಿ

ಹೋದ ಮಳೆಗಾಲದಲ್ಲಿ ಮೈಸೂರಿನ ಅಗ್ರಹಾರದಿಂದ ಒಬ್ಬರು ಟೀಚರ್ ನನ್ನ ಆಫೀಸಿಗೆ ಬಂದರು. ಬ್ಯಾಗಿನಿಂದ ಪ್ಲಾಸ್ಟಿಕ್ ಕವರ್ ತೆಗೆದು ಮೇಜಿನ ಮೇಲೆ ಇಟ್ಟರು. ಒಳಗೆ ಅಂಗೈಗಿಂತ ದೊಡ್ಡ ಗಾರೆ ಚೂರು. ಒಂದು ಬದಿ ಸುಣ್ಣ ಬಳಿದ ಬಿಳಿ. ಇನ್ನೊಂದು ಬದಿಯಲ್ಲಿ ಕಂಬಿ ಕೂತಿದ್ದ ಗುರುತು, ಅದರ ಉದ್ದಕ್ಕೂ ತುಕ್ಕಿನ ಕೆಂಪು. ಮಗಳು ಮಲಗುವ ಮಂಚದ ಮೇಲೆ ಬಿದ್ದಿತ್ತಂತೆ. ಪುಣ್ಯಕ್ಕೆ ಮಗು ಆಗ ಸ್ಕೂಲಿನಲ್ಲಿತ್ತು.

“ಹತ್ತು ಸಲ ಹೇಳಿದೀನಿ ಮೇಡಂ, ಓನರ್ ಕಿವಿಗೇ ಹಾಕ್ಕೊಳ್ಳಲಿಲ್ಲ. ಅದಕ್ಕೇ ಮೂರು ತಿಂಗಳಿಂದ ಬಾಡಿಗೆ ಕೊಟ್ಟಿಲ್ಲ” ಅಂದರು. ಕೈಯಲ್ಲಿ ಮನೆ ಖಾಲಿ ಮಾಡಿ ಅಂತ ಲಾಯರ್ ನೋಟಿಸ್ ಇತ್ತು. ಹತ್ತು ಸಲ ಹೇಳಿದ್ದಕ್ಕೆ ಒಂದು ವಾಟ್ಸಾಪ್ ಮೆಸೇಜೂ ಇರಲಿಲ್ಲ. ಎಲ್ಲ ಗೇಟಿನ ಹತ್ತಿರ ನಿಂತು ಬಾಯಿಮಾತಲ್ಲಿ ಆದದ್ದು.

ಇಂಥ ಕೇಸುಗಳು ನನ್ನ ಹತ್ತಿರ ತುಂಬಾ ಬರುತ್ತವೆ. ನೋವು ನಿಜ, ಕಾಗದ ಮಾತ್ರ ಇರುವುದಿಲ್ಲ.

ಕಾನೂನು ಏನು ಹೇಳುತ್ತೆ ನೋಡೋಣ. 1999ರ ಕರ್ನಾಟಕ ಬಾಡಿಗೆ ಕಾಯ್ದೆ, ಮೈಸೂರಿನಂಥ ನಗರಗಳಲ್ಲಿ, ತಿಂಗಳಿಗೆ 3,500 ರೂಪಾಯಿಗಿಂತ ಜಾಸ್ತಿ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲ. ಈಗ ಮೈಸೂರಿನಲ್ಲಿ ಅದಕ್ಕಿಂತ ಕಡಿಮೆಗೆ ಮನೆ ಎಲ್ಲಿ ಸಿಗುತ್ತೆ? ಹಾಗಾಗಿ ಹೆಚ್ಚಿನವರಿಗೆ ಉಳಿಯುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ, ಅದರ 108ನೇ ಸೆಕ್ಷನ್.

ಬೆಂಕಿ, ಬಿರುಗಾಳಿ, ನೆರೆ ಅಥವಾ ತಡೆಯಲಾಗದ ಇನ್ನಾವುದೋ ಹೊಡೆತಕ್ಕೆ ಮನೆಯ ಮುಖ್ಯ ಭಾಗ ಪೂರ್ತಿ ನಾಶವಾದರೆ, ಇಲ್ಲವೇ ಬಹುಮಟ್ಟಿಗೆ ಮತ್ತು ಕಾಯಂ ಆಗಿ ವಾಸಕ್ಕೆ ಬಾರದಂತಾದರೆ, ಕರಾರು ಇಲ್ಲಿಗೆ ಮುಗಿಯಿತು ಅನ್ನುವ ಆಯ್ಕೆ ಬಾಡಿಗೆದಾರರಿಗಿದೆ. ಹಾನಿ ನಿಮ್ಮ ತಪ್ಪಿನಿಂದ ಆಗಿರಬಾರದು, ಅಷ್ಟೇ. ಈ ಆಯ್ಕೆ ಓನರಿಗಿಲ್ಲ. ಕಟ್ಟಡ ಬಿತ್ತು ಅಂದ ಮಾತ್ರಕ್ಕೆ ಬಾಡಿಗೆ ಹಕ್ಕು ತಾನಾಗಿ ಹೋಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಆದರೆ ‘ಕಾಯಂ’ ಅನ್ನುವ ಪದವನ್ನು ಗಮನಿಸಿ. ಮಳೆಗೆ ಸೋರುವುದು, ಗೋಡೆ ತೇವ ಹಿಡಿಯುವುದು ಇದರಲ್ಲಿ ಬರುವುದು ಕಷ್ಟ.

ರಿಪೇರಿಗೆ ಬೇರೆ ದಾರಿ ಇದೆ. ಓನರ್ ಮಾಡಿಸಬೇಕಾದ ರಿಪೇರಿಯನ್ನು, ನೋಟಿಸ್ ಕೊಟ್ಟು ಸಾಕಷ್ಟು ಸಮಯ ಬಿಟ್ಟ ಮೇಲೂ ಮಾಡಿಸದಿದ್ದರೆ, ನೀವೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಜನ ಎಡವುವುದು ಇಲ್ಲೇ. ರಿಪೇರಿ ಓನರ್ ಜವಾಬ್ದಾರಿ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ, ಆದರೆ ಈ ಕಾಯ್ದೆ ಅಂಥ ಹೊಣೆಯನ್ನು ಓನರ್ ಮೇಲೆ ತಾನಾಗಿ ಹೊರಿಸುವುದಿಲ್ಲ, ಅದು ನಿಮ್ಮ ಕರಾರಿನಲ್ಲಿ ಇರಬೇಕು, ಮತ್ತು ನಾವು ಸಹಿ ಹಾಕುವ ಹನ್ನೊಂದು ತಿಂಗಳ ಕರಾರು ಸ್ಟಾಂಪ್ ಪೇಪರ್ ಅಂಗಡಿಯಲ್ಲಿ ಹೆಸರು, ಮೊತ್ತ ಮಾತ್ರ ಬದಲಾಯಿಸಿ ಕೊಟ್ಟದ್ದು, ಅದರಲ್ಲಿ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ಇರುತ್ತೆ, ತಾರಸಿಯ ಮಾತೇ ಇರುವುದಿಲ್ಲ. ಮಂಡ್ಯದಿಂದ ಬರುವ ಕರಾರುಗಳೂ ಹೀಗೇ ಇರುತ್ತವೆ.

ತಾರಸಿ ಬೀಳುವ ಹಾಗೇ ಇದ್ದರೆ ಮೊದಲು ಮಕ್ಕಳನ್ನು, ವಯಸ್ಸಾದವರನ್ನು ಬೇರೆ ಕಡೆ ಕಳಿಸಿ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಸತ್ತದ್ದನ್ನು ಈ ಊರು ನೋಡಿದೆ. ಪಾಲಿಕೆಗೆ ಲಿಖಿತ ದೂರು ಕೊಡಿ, ಅಪಾಯದ ಕಟ್ಟಡದ ಮಾಲೀಕರಿಗೆ ನೋಟಿಸ್ ಕೊಡುವ ಅಧಿಕಾರ ಕಮಿಷನರಿಗಿದೆ. ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಬನ್ನಿ. ಓನರ್ ಸಿಟ್ಟಿಗೆದ್ದು ಬೀಗ ಹಾಕುತ್ತೇನೆ ಅಂದರೆ ಹೆದರಬೇಡಿ. ಕೋರ್ಟ್ ಆದೇಶ ಇಲ್ಲದೆ ಬಲವಂತವಾಗಿ ಹೊರಗೆ ಹಾಕುವಂತಿಲ್ಲ.

ಟೀಚರ್ ವಿಷಯಕ್ಕೆ ಬರುತ್ತೇನೆ. ಅವರ ಕರಾರಿನಲ್ಲೂ ರಿಪೇರಿಯ ಸಾಲು ಇರಲಿಲ್ಲ. ಬಾಕಿ ಮೂರು ತಿಂಗಳ ಬಾಡಿಗೆಯನ್ನು ಬ್ಯಾಂಕ್ ಮೂಲಕ ಕಟ್ಟಿಸಿದೆ, ಅವರಿಗೆ ಅದು ಸುಲಭವಾಗಿರಲಿಲ್ಲ. ಆಮೇಲೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹೋಯಿತು. ಯಾವ ರೂಮು, ಯಾವ ದಿನ, ಚೂರು ಬಿದ್ದ ಜಾಗ, ದಿನಾಂಕ ಕಾಣುವ ಆರು ಫೋಟೊ, ಮೇಸ್ತ್ರಿ ಕೊಟ್ಟ ಅಂದಾಜು ಖರ್ಚು, ಹದಿನೈದು ದಿನದ ಗಡುವು. ಹನ್ನೆರಡನೇ ದಿನ ಓನರೇ ಫೋನ್ ಮಾಡಿದರು. ರಿಪೇರಿ ಮಾಡಿಸುವ ಮನಸ್ಸು ಅವರಿಗಿರಲಿಲ್ಲ. ಪೂರ್ತಿ ಅಡ್ವಾನ್ಸ್ ವಾಪಸ್ ಕೊಡಲು ಒಪ್ಪಿದರು.

ಕುವೆಂಪುನಗರದ ಹೊಸ ಮನೆಯ ಕರಾರನ್ನು ಟೀಚರ್ ಸಹಿ ಹಾಕುವ ಮುಂಚೆ ತಂದು ತೋರಿಸಿದರು. ಒಂದು ಸಾಲು ಸೇರಿಸಿದೆವು: “ತಾರಸಿ, ಗೋಡೆ, ನೀರಿನ ಪೈಪು, ಕರೆಂಟ್ ವೈರಿಂಗ್ ರಿಪೇರಿ ಮಾಲೀಕರದು. ಲಿಖಿತವಾಗಿ ತಿಳಿಸಿದ ಹದಿನೈದು ದಿನದೊಳಗೆ ಮಾಡಿಸದಿದ್ದರೆ ಬಾಡಿಗೆದಾರರು ಮಾಡಿಸಿ ಬಾಡಿಗೆಯಲ್ಲಿ ಕಳೆಯಬಹುದು.” ಹೊಸ ಓನರ್ ಎರಡು ಸಲ ಓದಿ ಸಹಿ ಹಾಕಿದರಂತೆ.