ಎಟಿವಿ: ಎಂಜಿನ್‌ಗಿಂತ ಮೊದಲು ಟೈರು, ಆಕ್ಸಲ್ ನೋಡಿ

ಕೆಸರು, ಮರಳಿನಲ್ಲಿ ಸಲೀಸಾಗಿ ಓಡುವ ಎಟಿವಿ (ಎಲ್ಲ ಬಗೆಯ ನೆಲದ ಮೇಲೂ ಓಡಲೆಂದು ಮಾಡಿದ, ಬೈಕಿನಂತೆ ಹ್ಯಾಂಡಲ್ ಇರುವ ಗಾಡಿ) ಡಾಂಬರು ರಸ್ತೆಯ ತಿರುವಿನಲ್ಲಿ ಮಗುಚಿಕೊಳ್ಳುವುದುಂಟು. ಎರಡಕ್ಕೂ ಕಾರಣ ಅದರ ರಚನೆಯೇ.

ಕಾರಿನ ಟೈರಿನಲ್ಲಿ ಗಾಳಿ ಸುಮಾರು 32 ಪಿಎಸ್‌ಐ (ಚದರ ಇಂಚಿಗೆ ಪೌಂಡ್ ಲೆಕ್ಕದ ಒತ್ತಡ) ಇದ್ದರೆ, ಎಟಿವಿ ಟೈರಿನಲ್ಲಿ ಸಾಮಾನ್ಯವಾಗಿ 4ರಿಂದ 7. ಟೈರು ನೆಲದ ಮೇಲೆ ಹಾಕುವ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ. 5 ಪಿಎಸ್‌ಐ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 350 ಗ್ರಾಂ. ಅದಕ್ಕೇ ಚಕ್ರ ಹೂತುಕೊಳ್ಳುವುದಿಲ್ಲ. ಕಾರಿನ ಗೇಜು ಇಷ್ಟು ಕಡಿಮೆ ಒತ್ತಡವನ್ನು ನಿಖರವಾಗಿ ತೋರಿಸದು, ಬೇರೆಯದೇ ಗೇಜು ಇಟ್ಟುಕೊಳ್ಳಬೇಕು. ಟೈರು ತಣ್ಣಗಿರುವಾಗ ಅಳೆಯಿರಿ. ಎಡಬಲಗಳಲ್ಲಿ ವ್ಯತ್ಯಾಸವಿದ್ದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ.

ಹಲವು ಎಟಿವಿಗಳ ಹಿಂದಿನ ಆಕ್ಸಲ್‌ನಲ್ಲಿ ಡಿಫರೆನ್ಷಿಯಲ್ (ಎಡಬಲ ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಜೋಡಣೆ) ಇರುವುದಿಲ್ಲ, ಎರಡೂ ಚಕ್ರಗಳು ಒಂದೇ ವೇಗದಲ್ಲಿ ತಿರುಗುತ್ತವೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಹೋಗಬೇಕಾದ್ದರಿಂದ ಒಂದಾದರೂ ಜಾರಲೇಬೇಕು. ಮಣ್ಣಿನಲ್ಲಿ ಜಾರುತ್ತದೆ. ಡಾಂಬರು ಬಿಡುವುದಿಲ್ಲ, ಗಾಡಿ ನೇರಕ್ಕೆ ನೂಕುತ್ತದೆ, ಗಾಬರಿಯಲ್ಲಿ ಹ್ಯಾಂಡಲ್ ಇನ್ನಷ್ಟು ತಿರುಗಿಸಿದರೆ ಟೈರು ಥಟ್ಟನೆ ಹಿಡಿತ ಕಂಡುಕೊಂಡು ಗಾಡಿ ಉರುಳುತ್ತದೆ.

ಹೋಂಡಾ 1970ರಲ್ಲಿ ಮಾರುಕಟ್ಟೆಗೆ ತಂದದ್ದು ಮೂರು ಚಕ್ರದ ಗಾಡಿ. ತಿರುವಿನಲ್ಲಿ ಅದರ ಭಾರ ಮುಂಚಕ್ರ ಮತ್ತು ಒಂದು ಹಿಂಚಕ್ರವನ್ನು ಸೇರಿಸುವ ಗೆರೆಯಾಚೆ ಬೇಗ ದಾಟುತ್ತಿತ್ತು. ಅಪಘಾತಗಳು ಹೆಚ್ಚಿ, 1988ರಲ್ಲಿ ಅಮೆರಿಕದಲ್ಲಿ ಅದರ ಹೊಸ ಮಾರಾಟ ನಿಂತಿತು. ಅಷ್ಟರಲ್ಲಿ ಸುಜುಕಿಯ ನಾಲ್ಕು ಚಕ್ರದ ಮಾದರಿ ದಾರಿ ತೋರಿಸಿತ್ತು.

ಈಗಿನ ಸ್ಪೋರ್ಟ್ ಎಟಿವಿ ಹಗುರ. ಹಿಂಚಕ್ರಗಳಿಗೆ ಮಾತ್ರ ಎಳೆತ, ಹೆಚ್ಚಿನವಕ್ಕೆ ಕೈಯಿಂದ ಬದಲಿಸುವ ಗೇರು. ಯುಟಿಲಿಟಿ ಎಟಿವಿ ತೂಕದ್ದು: ಸರಕಿನ ರ‍್ಯಾಕು, ಬೇಕಾದಾಗ ನಾಲ್ಕೂ ಚಕ್ರಕ್ಕೆ ಶಕ್ತಿ, ಬಹುತೇಕ ಬೆಲ್ಟ್ ಚಾಲಿತ ಸಿವಿಟಿ, ಅಂದರೆ ವೇಗಕ್ಕೆ ತಾನಾಗಿಯೇ ಹೊಂದಿಕೊಳ್ಳುವ ಗೇರು ವ್ಯವಸ್ಥೆ. ಈ ಬೆಲ್ಟೇ ಅದರ ದುರ್ಬಲ ಜಾಗ. ಭಾರ ಎಳೆಯುತ್ತಾ ನಿಧಾನ ಹೋಗುವಾಗ ‘ಲೋ’ ಗೇರಿಗೆ ಹಾಕದಿದ್ದರೆ ಬೆಲ್ಟ್ ಜಾರಿ ಸುಡುತ್ತದೆ. ಆಳದ ನೀರು ಹೊಕ್ಕರೂ ಜಾರುತ್ತದೆ. ಆಗ ಬೆಲ್ಟಿನ ಕವಚದ ಕೆಳಗಿನ ಡ್ರೇನ್ ಪ್ಲಗ್ ಬಿಚ್ಚಿ ನೀರು ಇಳಿಸಬೇಕು.

ಸೀಟು ಉದ್ದವಿದೆಯೆಂದು ಹಿಂದೆ ಇನ್ನೊಬ್ಬರನ್ನು ಕೂರಿಸುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಆ ಉದ್ದ ಇರುವುದು ಸವಾರ ಏರಿನಲ್ಲಿ ಮುಂದಕ್ಕೆ, ಇಳಿಜಾರಿನಲ್ಲಿ ಹಿಂದಕ್ಕೆ ಸರಿಯಲು. ಹಿಂದೆ ಇನ್ನೊಬ್ಬರಿದ್ದರೆ ಏರಿನಲ್ಲಿ ಮುಂಚಕ್ರ ಮೇಲೇಳುತ್ತದೆ. ಇಬ್ಬರಿಗೆಂದೇ ಮಾಡಿದ ಮಾದರಿಗಳಿಗೆ ಎರಡು ಆಕ್ಸಲ್‌ಗಳ ನಡುವಿನ ಅಂತರ ಹೆಚ್ಚು, ಹಿಡಿಕೆಗಳೂ ಬೇರೆ.

ಅಕ್ಕಪಕ್ಕ ಕೂರುವ ಗಾಡಿಯಾದ ಸೈಡ್-ಬೈ-ಸೈಡ್‌ನಲ್ಲಿ ಸ್ಟೀರಿಂಗ್ ಚಕ್ರ, ಸೀಟ್ ಬೆಲ್ಟ್, ಉಕ್ಕಿನ ಪಂಜರ ಇರುತ್ತವೆ. ಇಲ್ಲಿ ಮೈವಾಲಿಸಿ ಸಮತೋಲ ಕಾಯಲಾಗದು, ಆದ್ದರಿಂದ ಬೆಲ್ಟ್ ಇಲ್ಲದೆ ಪಂಜರದಿಂದ ಪ್ರಯೋಜನವಿಲ್ಲ. ಉರುಳುವಾಗ ಕೈ ಹೊರಗೆ ಚಾಚಿ ತಡೆಯಲು ಹೋದರೆ ಪಂಜರದ ಅಡಿಗೆ ಸಿಕ್ಕಿ ಜಜ್ಜಿಹೋಗುವುದು ಆ ಕೈಯೇ.